ಮಿನ್ನೆಸೋಟಾದ ಉತ್ತರಕ್ಕೆ ಹೊರಟಾಗ: ಒಂದೇ ಪ್ರವಾಸದಲ್ಲಿ ಗಾಳವೂ ಕೋವಿಯೂ

ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಕಡೆ ನೆಲೆಸಿರುವ ನಮ್ಮವರಲ್ಲಿ ಬೇಸಿಗೆಯಲ್ಲಿ ಮೀನು ಹಿಡಿಯಲು ಉತ್ತರಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಅದೇ ಜಾಗಕ್ಕೆ ಅಕ್ಟೋಬರ್‌ನಲ್ಲಿ ಹೋಗಿ, ಮೀನಿನ ಜೊತೆಗೆ ರಫ್ಡ್ ಗ್ರೌಸ್ ಮತ್ತು ವುಡ್‌ಕಾಕ್ ಹಕ್ಕಿಗಳ ಶಿಕಾರಿಯನ್ನೂ ಮಾಡುವವರು ಕಡಿಮೆ. ಅಲ್ಲಿನ ಹಳಬರಿಗೆ ವರ್ಷದ ಅತಿ ಒಳ್ಳೆಯ ವಾರ ಅದೇ. ಸೊಳ್ಳೆ ಇಲ್ಲ, ದೋಣಿಗಳ ಗದ್ದಲ ಇಲ್ಲ, ಕಾಡೆಲ್ಲ ಹಳದಿ. ಆದರೆ ಎರಡು ಕೆಲಸವನ್ನು ಒಂದೇ ಪ್ರವಾಸಕ್ಕೆ ತುಂಬಿಕೊಂಡು ಎರಡನ್ನೂ ಅರ್ಧಂಬರ್ಧ ಮಾಡಿ ಬರುವವರೇ ಜಾಸ್ತಿ. ಹಾಗಾಗದಿರಬೇಕಾದರೆ ಯೋಜನೆ ಚಿಕ್ಕದಾಗಿರಬೇಕು. ಒಂದು ಊರು, ಒಂದು ದೊಡ್ಡ ಸರೋವರ, ಅದರಿಂದ ಅರ್ಧ ಗಂಟೆಯೊಳಗಿನ ಕಾಡು, ಅಷ್ಟು ಸಾಕು. ಉಳಿದದ್ದನ್ನು ಪ್ರತಿದಿನ ಬೆಳಿಗ್ಗೆ ಗಾಳಿ ನೋಡಿ ತೀರ್ಮಾನಿಸಿ.

ಕಾಗದಪತ್ರ ಮೊದಲು, ಅದರಲ್ಲೂ ವೀಸಾ

ಬೇರೆಯವರಿಗೆ ಬೇಕಿಲ್ಲದ, ನಮ್ಮವರಿಗೆ ಮಾತ್ರ ಬೇಕಾದ ಒಂದು ವಿಷಯ ಇದೆ. ಎಚ್-1ಬಿ, ಎಚ್-4, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಸ್ನೇಹಿತರ ಬಂದೂಕನ್ನು ಸುಮ್ನೆ ಕೈಯಲ್ಲಿ ಹಿಡಿದರೂ ತೊಂದರೆ ಆಗಬಹುದು. ಇದಕ್ಕೆ ಒಂದು ವಿನಾಯಿತಿ ಇದೆ: ಅಮೆರಿಕದ ಒಂದು ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಆದ್ದರಿಂದ ಲೈಸೆನ್ಸ್ ಮೊದಲು, ಬಂದೂಕು ಆಮೇಲೆ. ಕ್ಲೇ ರೇಂಜಿಗೆ (ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಜಾಗ) ಅಭ್ಯಾಸಕ್ಕೆ ಹೋಗುವಾಗಲೂ ಈ ಕ್ರಮ ತಪ್ಪಬಾರದು. ಲೈಸೆನ್ಸಿನ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ವೀಸಾದ ಸ್ಥಿತಿ ಬದಲಾಗುತ್ತಿರುವ ಹೊತ್ತಾದರೆ ಒಮ್ಮೆ ಇಮಿಗ್ರೇಷನ್ ವಕೀಲರನ್ನು ಕೇಳಿಬಿಡಿ. ಅವರಿಗೆ ಕೊಡುವ ಫೀಸು ದಂಡವಲ್ಲ.

ಮಿನ್ನೆಸೋಟಾದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಬೇಟೆಯ ಲೈಸೆನ್ಸ್ ಕೊಳ್ಳಬೇಕಾದರೆ ಬಂದೂಕು ಸುರಕ್ಷತೆಯ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪಡೆದಿರಬೇಕು. ಕೋರ್ಸ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬೇಸಿಗೆಯಲ್ಲೇ ಮುಗಿಸಿ. ಸೆಪ್ಟೆಂಬರ್ ಬಂದ ಮೇಲೆ ಓಡಾಡುವುದು ಬೇಡ.

ಆಮೇಲೆ ಕೊಳ್ಳಬೇಕಾದದ್ದು ಇಷ್ಟು. ಗ್ರೌಸ್‌ಗೆ ಸ್ಮಾಲ್ ಗೇಮ್, ಅಂದರೆ ಸಣ್ಣ ಪ್ರಾಣಿ-ಪಕ್ಷಿ ಬೇಟೆಯ, ಲೈಸೆನ್ಸ್. ವುಡ್‌ಕಾಕ್ ವಲಸೆ ಹಕ್ಕಿ, ಅದಕ್ಕೆ ಅದೇ ಲೈಸೆನ್ಸಿನ ಮೇಲೆ ಎಚ್‌ಐಪಿ (ವಲಸೆ ಹಕ್ಕಿ ಬೇಟೆಯ ಲೆಕ್ಕ ಇಡುವ ವ್ಯವಸ್ಥೆ) ನೋಂದಣಿಯೂ ಬೇಕು. ಕೊಳ್ಳುವಾಗ ‘ವಲಸೆ ಹಕ್ಕಿ ಬೇಟೆಯಾಡುತ್ತೀರಾ’ ಎಂದು ಕೇಳುತ್ತಾರೆ, ‘ಹೌದು’ ಎನ್ನಿ. ಮೀನಿಗೆ ಬೇರೆ ಲೈಸೆನ್ಸ್. ಹೊರರಾಜ್ಯದವರಿಗೆ 24 ಗಂಟೆ, 72 ಗಂಟೆ, 7 ದಿನ ಹೀಗೆ ಚಿಕ್ಕ ಅವಧಿಯದ್ದೂ ಇದೆ. ಮಿನ್ನೆಸೋಟಾದಲ್ಲಿ 60 ದಿನ ಸತತವಾಗಿ ವಾಸವಾಗಿದ್ದರೆ ನೀವು ಆ ರಾಜ್ಯದ ನಿವಾಸಿ, ಆಗ ದರ ತುಂಬಾ ಕಡಿಮೆ.

ಊರಲ್ಲಿ ಈ ಪ್ರವಾಸದ ಸುದ್ದಿ ಹೇಳಿದರೆ ಕೆಲವರಿಗೆ ಸರಿ ಅನ್ನಿಸುವುದಿಲ್ಲ. ಅದು ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಮಲೆನಾಡಿನಲ್ಲಿ ಶಿಕಾರಿ ಎಂದರೆ ಅಪರಾಧ, ಹಾಗೇ ಇರಬೇಕು ಕೂಡ. ಅಲ್ಲಿ ಉಳಿದಿರುವ ಕಾಡು, ಕಾಡಿನ ಮೇಲಿರುವ ಒತ್ತಡ ಎರಡೂ ಬೇರೆ. ಇಲ್ಲಿ ಲೈಸೆನ್ಸಿನ ಹಣ ನೇರವಾಗಿ ವನ್ಯಜೀವಿ ಇಲಾಖೆಗೆ ಹೋಗುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದಾಗಿ ಮಾರಾಟವಾಗುವ ಪ್ರತಿ ಬಂದೂಕು, ಪ್ರತಿ ತೋಟಾದ ಮೇಲಿನ ತೆರಿಗೆಯೂ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಬರುತ್ತದೆ. ಗ್ರೌಸ್ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಇಲಾಖೆಯವರು ಪ್ರತಿ ವಸಂತದಲ್ಲಿ ಗಂಡು ಹಕ್ಕಿ ರೆಕ್ಕೆ ಬಡಿಯುವ ಸದ್ದನ್ನು ಎಣಿಸಿ ಅದರ ಲೆಕ್ಕ ಇಡುತ್ತಾರೆ. ಇದನ್ನು ತಿಳಿದು ಹೋಗಿ. ತಟ್ಟೆಗೆ ಬರುವಷ್ಟನ್ನು ಮಾತ್ರ ಹೊಡೆಯುವ ಮನಸ್ಸು ಇದ್ದರೆ ಹೋಗಿ.

ಯಾವ ವಾರ?

ಗ್ರೌಸ್ ಋತು ಸೆಪ್ಟೆಂಬರ್ ಮಧ್ಯದ ಶನಿವಾರ ಶುರುವಾಗಿ ಹೊಸ ವರ್ಷದ ಹೊತ್ತಿನವರೆಗೆ ಇರುತ್ತದೆ. ವುಡ್‌ಕಾಕ್‌ಗೆ ಸೆಪ್ಟೆಂಬರ್ ಕೊನೆಯ ಭಾಗದಿಂದ 45 ದಿನ ಮಾತ್ರ. ಸೆಪ್ಟೆಂಬರ್‌ನಲ್ಲಿ ಹೋದರೆ ಎಲೆ ಇನ್ನೂ ದಟ್ಟ. ಹಕ್ಕಿ ಎದ್ದ ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಅಕ್ಟೋಬರ್ ಕೊನೆಗೆ ಹೋದರೆ ಕಾಡು ಬೋಳಾಗಿ ಚೆನ್ನಾಗಿ ಕಾಣುತ್ತದೆ, ಆದರೆ ವುಡ್‌ಕಾಕ್ ದಕ್ಷಿಣಕ್ಕೆ ಹೊರಟಿರುತ್ತದೆ, ರೆಸಾರ್ಟ್‌ಗಳು ದೋಣಿಕಟ್ಟೆಯನ್ನು ನೀರಿನಿಂದ ಎತ್ತಿಬಿಟ್ಟಿರುತ್ತವೆ.

ನನ್ನ ಆಯ್ಕೆ ಅಕ್ಟೋಬರ್‌ನ ಮೊದಲ ಎರಡು ವಾರ. ಎಲೆ ಅರ್ಧ ಉದುರಿರುತ್ತದೆ. ಕೆನಡಾ ಕಡೆಯಿಂದ ಬರುವ ವುಡ್‌ಕಾಕ್ ಗುಂಪುಗಳು ರಾತ್ರಿ ಬಂದಿಳಿಯುವ ಕಾಲ. ನೀರು ತಣ್ಣಗಾಗಿ ವಾಲ್‌ಐ ಮೀನು ಚಳಿಗಾಲಕ್ಕೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಲು ದಡದತ್ತ ಬರುತ್ತದೆ. ಇದೇ ಹೊತ್ತಿಗೆ ಕೆಲವು ಆಳವಾದ ಸರೋವರಗಳಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿನ ನೀರಿನ ಜೊತೆ ಮಗುಚಿ ಬೆರೆಯುತ್ತದೆ. ಆ ಕೆಲವು ದಿನ ಮೀನು ಚದುರಿಹೋಗಿ ಗಾಳಕ್ಕೆ ಬೀಳುವುದಿಲ್ಲ. ವಿನ್ನಿಬಿಗೋಶಿಶ್ ತರಹದ ಅಗಲವಾದ, ಗಾಳಿಗೆ ಸದಾ ಕಲಕುವ ಸರೋವರದಲ್ಲಿ ಈ ಕಾಟ ಕಡಿಮೆ. ಹಾಗಾಗಿಯೇ ಈ ಪ್ರವಾಸಕ್ಕೆ ನಾನು ಅದನ್ನು ಮೊದಲು ಹೇಳುವುದು.

ಅಕ್ಟೋಬರ್ ಮೂರನೇ ವಾರದ ಗುರುವಾರ, ಶುಕ್ರವಾರ ಮಿನ್ನೆಸೋಟಾದ ಶಾಲೆಗಳಿಗೆ ರಜೆ. ಎಲ್ಲರೂ ಅದನ್ನು ಎಂಇಎ ವಾರಾಂತ್ಯ ಎನ್ನುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಆ ದಿನಗಳೇ ಅನುಕೂಲ, ಆದರೆ ಕೋಣೆಗಳು ಬೇಗ ತುಂಬುತ್ತವೆ. ಅದೇ ಹೊತ್ತಿಗೆ ಕಿರಿಯರ ಜಿಂಕೆ ಬೇಟೆಯ ದಿನಗಳೂ ಬರುತ್ತವೆ, ಕಾಡಿನಲ್ಲಿ ರೈಫಲ್ ಇರುತ್ತದೆ. ನವೆಂಬರ್ ಮೊದಲ ವಾರದ ಹೊತ್ತಿಗೆ ದೊಡ್ಡವರ ಜಿಂಕೆ ಋತು ಶುರು. ಹಕ್ಕಿಗಾಗಿ ಆಗ ಹೋಗಲೇಬೇಡಿ.

ಎಲ್ಲಿ ಉಳಿಯುವುದು

ಗ್ರ್ಯಾಂಡ್ ರ‍್ಯಾಪಿಡ್ಸ್ ಊರು ಮಿನ್ನಿಯಾಪೊಲಿಸ್‌ನಿಂದ ಸುಮಾರು 180 ಮೈಲಿ, ಕಾರಿನಲ್ಲಿ ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಪಶ್ಚಿಮಕ್ಕೆ ಡೀರ್ ರಿವರ್, ಅದರಾಚೆ ವಿನ್ನಿಬಿಗೋಶಿಶ್ ಸರೋವರ. ಜನ ಇದನ್ನು ‘ವಿನ್ನಿ’ ಎಂದೇ ಕರೆಯುತ್ತಾರೆ. ಮಿಸಿಸಿಪ್ಪಿ ನದಿ ಇನ್ನೂ ಎಳೆಯದಾಗಿ ಇದರ ಮೂಲಕವೇ ಹರಿದು ಹೋಗುತ್ತದೆ. ಸುತ್ತ ಇರುವುದು ಚಿಪ್ಪೆವಾ ರಾಷ್ಟ್ರೀಯ ಅರಣ್ಯ, ಜೊತೆಗೆ ರಾಜ್ಯದ ಮತ್ತು ಕೌಂಟಿಯ ಕಾಡುಗಳು. ಇಲ್ಲಿ ಹೆಚ್ಚಿನ ಜಾಗ ಸಾರ್ವಜನಿಕ. ಯಾರನ್ನೂ ಕೇಳದೆ ನಡೆಯಬಹುದು. ಇನ್ನೂ ಪಶ್ಚಿಮಕ್ಕೆ ಹೋದರೆ ವಾಕರ್ ಊರಿನ ಪಕ್ಕ ಲೀಚ್ ಲೇಕ್, ಬೆಮಿಜಿ ಹತ್ತಿರ ಕ್ಯಾಸ್ ಲೇಕ್.

ಈ ಭಾಗದಲ್ಲಿ ಓಜಿಬ್ವೆ ಎಂಬ ಮೂಲನಿವಾಸಿ ಜನರ ಮೀಸಲು ಪ್ರದೇಶಗಳಿವೆ. ಲೀಚ್ ಲೇಕ್ ಮೀಸಲು ಪ್ರದೇಶ ರಾಷ್ಟ್ರೀಯ ಅರಣ್ಯದ ಜೊತೆ ಬೆರೆತುಕೊಂಡಿದೆ. ನಕ್ಷೆಯಲ್ಲಿ ಬುಡಕಟ್ಟಿನ ಭೂಮಿ ಎಂದು ಕಂಡ ಕಡೆ ಅವರ ಕಚೇರಿಯಲ್ಲಿ ಕೇಳದೆ ಕಾಲಿಡಬೇಡಿ. ಅದು ಅವರ ಮನೆ.

ಮನೆಯವರು ಬೇಟೆಗೆ ಬರುವವರಲ್ಲದಿದ್ದರೆ ಬೆಮಿಜಿ ಕಡೆ ಉಳಿಯುವುದು ವಾಸಿ. ಅಲ್ಲಿಂದ ಸುಮಾರು 30 ಮೈಲಿಯಲ್ಲಿ ಇಟಾಸ್ಕಾ ಸ್ಟೇಟ್ ಪಾರ್ಕ್ ಇದೆ. ಮಿಸಿಸಿಪ್ಪಿ ಹುಟ್ಟುವ ಜಾಗದಲ್ಲಿ ಮಕ್ಕಳು ಕಲ್ಲುಗಳ ಮೇಲೆ ಕಾಲಿಟ್ಟು ನದಿಯನ್ನೇ ದಾಟಬಹುದು. ನಿಮಗೂ ಬೇಸರವಿಲ್ಲ, ಅವರಿಗೂ ಬೇಸರವಿಲ್ಲ.

ಕ್ಯಾಬಿನ್ ಬುಕ್ ಮಾಡುವಾಗ ಫೋನ್ ಮಾಡಿಯೇ ಮಾತಾಡಿ. ವೆಬ್‌ಸೈಟ್ ಬೇಸಿಗೆಯ ಕಥೆ ಹೇಳುತ್ತದೆ. ಅಕ್ಟೋಬರ್‌ನಲ್ಲಿ ದೋಣಿಕಟ್ಟೆ ನೀರಲ್ಲಿ ಇರುತ್ತದಾ? ಬಾಡಿಗೆಗೆ ಮೋಟರ್ ದೋಣಿ ಸಿಗುತ್ತದಾ? ಮೀನು ಸ್ವಚ್ಛ ಮಾಡುವ ಕೋಣೆಯ ನಲ್ಲಿ ಇನ್ನೂ ಚಾಲೂ ಇದೆಯಾ, ಹೆಪ್ಪುಗಟ್ಟುತ್ತದೆಂದು ಮುಚ್ಚಿದ್ದಾರಾ? ಫ್ರೀಜರ್ ಇದೆಯಾ? ನಾಯಿ ಒಳಗೆ ಬಿಡುತ್ತಾರಾ? ಅಡುಗೆಮನೆ ಇರುವ ಕ್ಯಾಬಿನ್ನೇ ತೆಗೆದುಕೊಳ್ಳಿ. ಹಿಡಿದದ್ದನ್ನು ಅದೇ ಸಂಜೆ ಒಗ್ಗರಣೆಗೆ ಹಾಕುವ ಸುಖ ಹೋಟೆಲ್ ಕೋಣೆಯಲ್ಲಿ ಸಿಗುವುದಿಲ್ಲ ಅಲ್ವಾ?

ದಿನವನ್ನು ಹಂಚುವುದು

ಬೆಳಗಾಗುವ ಮೊದಲೇ ಎದ್ದು ದೋಣಿಗೆ ಓಡುವುದು ಬೇಸಿಗೆಯ ಅಭ್ಯಾಸ. ಅಕ್ಟೋಬರ್‌ನಲ್ಲಿ ಅದು ಬೇಕಿಲ್ಲ. ನೀರು ತಣ್ಣಗಿರುವುದರಿಂದ ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದ ಮೇಲೂ ಮೀನು ಚೆನ್ನಾಗಿ ಕಚ್ಚುತ್ತದೆ. ಗ್ರೌಸ್ ಕೂಡ ಇಬ್ಬನಿ ಅಥವಾ ಹಿಮ ಕರಗಿದ ಮೇಲೆ, ಒಂಬತ್ತು ಗಂಟೆ ಸುಮಾರಿಗೆ, ಕಾಡಿನ ದಾರಿಗೆ ಬಂದು ಕ್ಲೋವರ್ ಸೊಪ್ಪು ಮೇಯುತ್ತದೆ, ಸಣ್ಣ ಕಲ್ಲು ಹೆಕ್ಕುತ್ತದೆ. ಸೂರ್ಯ ಮುಳುಗುವ ಮುಂಚಿನ ಎರಡು ಗಂಟೆ ಮತ್ತೆ ಹೊರಗೆ ಬರುತ್ತದೆ.

ಇವೆರಡರ ನಡುವೆ ತೀರ್ಪು ಕೊಡುವುದು ಗಾಳಿ. ಗಾಳಿ ಇಲ್ಲದ ದಿನ ಕಾಡಿಗೆ ಹೋಗಿ. ಹಕ್ಕಿ ನಿರಾಳವಾಗಿರುತ್ತದೆ, ನಿಮಗೂ ಸದ್ದು ಕೇಳುತ್ತದೆ. ಗಾಳಿ ಜೋರಾದರೆ ಗ್ರೌಸ್ ಗಾಬರಿಯಲ್ಲಿ ದೂರದಿಂದಲೇ ಹಾರುತ್ತದೆ, ದಟ್ಟ ಪೊದೆ ಬಿಟ್ಟು ಬರುವುದೇ ಇಲ್ಲ. ವಾಲ್‌ಐ ಮೀನಿಗೆ ಉಲ್ಟಾ. ನೀರಿನ ಮೇಲೆ ಸಣ್ಣ ಅಲೆ ಎದ್ದು ಬೆಳಕು ಮಂಕಾದಾಗ ಅದು ದಡಕ್ಕೆ ಬಂದು ತಿನ್ನುತ್ತದೆ. ಹದವಾದ ಗಾಳಿ ಇದ್ದರೆ ದೋಣಿ ಇಳಿಸಿ. ಬಿಳಿ ನೊರೆಯ ಅಲೆ ಕಂಡರೆ ದೊಡ್ಡ ಸರೋವರವೂ ಬೇಡ, ಗ್ರೌಸೂ ಬೇಡ. ವಿನ್ನಿಯಂಥ ಅಗಲ ಸರೋವರದಲ್ಲಿ ಅಲೆ ನೋಡನೋಡುತ್ತಲೇ ದೊಡ್ಡದಾಗುತ್ತದೆ. ಅಂಥ ದಿನ ಚಿಕ್ಕ ಕೆರೆಗೆ ಹೋಗಿ, ಇಲ್ಲವೇ ಗಾಳಿ ತಾಗದ ತಗ್ಗಿನಲ್ಲಿ ವುಡ್‌ಕಾಕ್ ಹುಡುಕಿ. ರಾತ್ರಿಯೆಲ್ಲ ಮಳೆ ಬಂದು ಬೆಳಿಗ್ಗೆ ಬಿಸಿಲು ಬಿದ್ದರೆ ಬೇರೆ ಯೋಚನೆಯೇ ಬೇಡ. ಮೈ ಒಣಗಿಸಿಕೊಳ್ಳಲು ಗ್ರೌಸ್ ದಾರಿಗೆ ಬಂದಿರುತ್ತದೆ.

ಸಾಮಾನ್ಯ ದಿನ ಹೀಗಿರಲಿ: ಒಂಬತ್ತರಿಂದ ಹನ್ನೆರಡರವರೆಗೆ ಕಾಡು. ಊಟ. ಎರಡರಿಂದ ಕತ್ತಲಾಗುವವರೆಗೆ ಒಂದು ದಿನ ದೋಣಿ, ಮರುದಿನ ಕಾಡು. ಒಂದೇ ಸಂಜೆ ಎರಡಕ್ಕೂ ಓಡಿದರೆ ಒಳ್ಳೆಯ ಗಂಟೆ ಕಾರಿನಲ್ಲೇ ಕಳೆಯುತ್ತದೆ.

ಕಾಡಿನಲ್ಲಿ

ದೊಡ್ಡ ಮರಗಳ ಸುಂದರ ಕಾಡು ನೋಡಿ ಮರುಳಾಗಬೇಡಿ. ಗ್ರೌಸ್‌ಗೆ ಬೇಕಾದದ್ದು ಎಳೆ ಆಸ್ಪೆನ್ ಮರ. ಹಿಂದೆ ಕಡಿದು ಮತ್ತೆ ಬೆಳೆದ, ಕಾಂಡ ಮುಂಗೈ ದಪ್ಪ ಇರುವ, ಒತ್ತೊತ್ತಾಗಿ ನಿಂತ ಕುರುಚಲು. ಅದು ಹಳೆ ಕಾಡಿಗೆ ತಾಗುವ ಅಂಚು, ಪಕ್ಕದಲ್ಲಿ ಆಲ್ಡರ್ ಪೊದೆಯ ತೇವದ ಜಾಗ, ನಡುವೆ ಕ್ಲೋವರ್ ಬೆಳೆದ ಹಳೆ ಮರಸಾಗಣೆ ದಾರಿ, ಇವು ಮೂರೂ ಸೇರುವ ಕಡೆ ಹುಡುಕಿ. ಉಪಗ್ರಹದ ಚಿತ್ರದಲ್ಲಿ ಇದು ನುಣ್ಣನೆಯ ತಿಳಿಹಸಿರು ತುಂಡಾಗಿ ಕಾಣುತ್ತದೆ. ಮನೆಯಲ್ಲೇ ಕುಳಿತು ನಾಲ್ಕೈದು ತುಂಡು ಗುರುತಿಸಿ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಅಲ್ಲಿ ಸಿಗ್ನಲ್ ನಂಬುವಂತಿಲ್ಲ. ‘ಹಂಟರ್ ವಾಕಿಂಗ್ ಟ್ರೇಲ್’ ಎಂದು ಗೇಟು ಹಾಕಿ ವಾಹನ ನಿಷೇಧಿಸಿದ ದಾರಿಗಳೂ ಇವೆ. ಹೊಸಬರಿಗೆ ಅವೇ ಒಳ್ಳೆಯವು. ವುಡ್‌ಕಾಕ್ ಉದ್ದ ಕೊಕ್ಕಿನಿಂದ ಎರೆಹುಳ ತೆಗೆದು ತಿನ್ನುವ ಹಕ್ಕಿ, ಹಾಗಾಗಿ ಕಾಲು ಮೆತ್ತಗೆ ಹುಗಿಯುವ ಮಣ್ಣು ಇರಬೇಕು. ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಹಿಕ್ಕೆ ಕಂಡರೆ ಅದು ಅಲ್ಲೇ ಇದೆ.

ನಿಧಾನ ನಡೆಯಿರಿ. ಇಪ್ಪತ್ತು ಮೂವತ್ತು ಹೆಜ್ಜೆ ನಡೆದು ನಿಂತುಬಿಡಿ. ನಿಮ್ಮ ಹೆಜ್ಜೆ ಸದ್ದು ನಿಂತಾಗ ಅವಿತಿದ್ದ ಗ್ರೌಸ್‌ಗೆ ತನ್ನನ್ನು ಕಂಡುಬಿಟ್ಟರು ಅನ್ನಿಸುತ್ತದೆ. ಆಗಲೇ ಅದು ಎದೆ ಝಲ್ಲೆನ್ನುವ ಸದ್ದು ಮಾಡಿ ಏಳುವುದು. ನಾಯಿ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಎಲ್ಲಿ ನಿಲ್ಲುತ್ತೀರಿ ಎನ್ನುವುದೂ ಮುಖ್ಯ. ಮುಂದೆ ಸ್ವಲ್ಪ ಬಯಲು ಇರುವ ಕಡೆ, ಬಂದೂಕು ತಿರುಗಿಸಲು ಜಾಗ ಇರುವ ಕಡೆ ನಿಲ್ಲಿ.

ಮೊದಲ ಹಕ್ಕಿ ಸಿಕ್ಕಿದಾಗ ಅದರ ಕತ್ತಿನ ಬುಡದ ಚೀಲವನ್ನು ಬಿಡಿಸಿ ನೋಡಿ. ಅದು ಆ ದಿನ ಏನು ತಿಂದಿದೆ ಎನ್ನುವುದು ಅಲ್ಲಿರುತ್ತದೆ. ಕ್ಲೋವರ್ ಇದ್ದರೆ ದಾರಿಗಳಲ್ಲಿ ಹುಡುಕಿ. ಕೆಂಪು ಹಣ್ಣು ಇದ್ದರೆ ಹಣ್ಣಿನ ಪೊದೆಗಳತ್ತ ಹೋಗಿ. ಮೊಗ್ಗುಗಳೇ ಇದ್ದರೆ ಹೇಝಲ್ ಪೊದೆ, ಎಳೆ ಮರ. ಇಡೀ ವಾರದ ದಾರಿಯನ್ನು ಆ ಚೀಲ ಹೇಳಿಬಿಡುತ್ತದೆ.

ಬಂದೂಕು 20 ಗೇಜ್ (ನಳಿಗೆಯ ಅಳತೆ) ಸಾಕು, ಹಗುರವಾಗಿರಲಿ, ಚೋಕ್ (ನಳಿಗೆಯ ಬಾಯಿಯ ಬಿಗಿತ) ತೆರೆದದ್ದಿರಲಿ. 7½ ಅಥವಾ 8ನೇ ನಂಬರಿನ ಚರೆ. ವುಡ್‌ಕಾಕ್ ಹೊಡೆಯುವ ಉದ್ದೇಶ ಇದ್ದರೆ ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ಪಂಪ್ ಅಥವಾ ಆಟೋ ಬಂದೂಕಾದರೆ ಹೆಚ್ಚು ತೋಟಾ ಹಿಡಿಯದಂತೆ ತಡೆಯುವ ಪ್ಲಗ್ ಹಾಕಿಸಿ. ದಿನಕ್ಕೆ ಗ್ರೌಸ್ 5, ವುಡ್‌ಕಾಕ್ 3. ಒಟ್ಟು ಇಟ್ಟುಕೊಳ್ಳಬಹುದಾದದ್ದು ಗ್ರೌಸ್ 10, ವುಡ್‌ಕಾಕ್ 9. ಇನ್ನೊಂದು ಜಾತಿಯಾದ ಸ್ಪ್ರೂಸ್ ಗ್ರೌಸ್ ಹೊಡೆದರೆ ಅದೂ ಆ ಐದರ ಲೆಕ್ಕಕ್ಕೇ. ಹೊರಡುವ ಮುನ್ನ ಆ ವರ್ಷದ ನಿಯಮ ಪುಸ್ತಕ ಒಮ್ಮೆ ನೋಡಿ, ತಾರೀಖು ಪ್ರತಿ ವರ್ಷ ಸರಿಯುತ್ತದೆ.

ಕೊಡಗಿನ ಕಡೆಯವರಿಗೆ ಕೋವಿ ಹೊಸದಲ್ಲ. ಉಳಿದವರು ಪ್ರವಾಸಕ್ಕೆ ಮುಂಚೆ ಕ್ಲೇ ರೇಂಜಿನಲ್ಲಿ ಕೈ ಪಳಗಿಸಿಕೊಳ್ಳಲೇಬೇಕು. ಮೊದಲ ಸಲ ನಾಯಿ ಇರುವ ಗೈಡ್ ಜೊತೆ ಅರ್ಧ ದಿನವಾದರೂ ಹೋಗಿ. ಸೊಂಟದ ಮೇಲೆ ಕನಿಷ್ಠ ಒಂದು ಬಟ್ಟೆ ಉಜ್ವಲ ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದಿರಬೇಕು ಎನ್ನುವುದು ಕಾನೂನು. ನಾನು ಟೋಪಿ, ವೆಸ್ಟ್ ಎರಡೂ ಎನ್ನುತ್ತೇನೆ. ಇಬ್ಬರು ಹೋದರೆ ಸಾಲಾಗಿ, ಮಾತಾಡಿಕೊಳ್ಳುತ್ತಾ ನಡೆಯಿರಿ. ಯಾರು ಎಡಕ್ಕೆ ಹೊಡೆಯುವುದು, ಯಾರು ಬಲಕ್ಕೆ ಎಂದು ಮೊದಲೇ ಗೊತ್ತಿರಲಿ. ಜೊತೆಯವರು ಎಲ್ಲಿದ್ದಾರೆಂದು ಒಂದು ಕ್ಷಣ ಅನುಮಾನ ಬಂದರೂ ಹಕ್ಕಿಯನ್ನು ಬಿಟ್ಟುಬಿಡಿ. ಕಾರು ಹತ್ತುವ ಮುಂಚೆ ತೋಟಾ ತೆಗೆದು ಬಂದೂಕನ್ನು ಚೀಲಕ್ಕೆ ಹಾಕಿ. ಬಿಯರ್ ರಾತ್ರಿಗೆ, ಬಂದೂಕು ಒಳಗಿಟ್ಟ ಮೇಲೆ. ಚಳಿ ಬಂದಿದೆ ಎಂದು ಉಣ್ಣೆಹುಳುವನ್ನು (ಟಿಕ್) ಮರೆಯಬೇಡಿ, ಮೈಗೆ ಅಂಟುವ ಆ ಹುಳು ಅಕ್ಟೋಬರ್‌ನಲ್ಲೂ ಇರುತ್ತದೆ. ರಾತ್ರಿ ಮೈ ನೋಡಿಕೊಂಡು ಮಲಗಿ.

ನೀರಿನಲ್ಲಿ

ಇಲ್ಲಿ ಹೇಳಬೇಕಾದದ್ದು ಕಡಿಮೆ, ಯಾಕೆಂದರೆ ಈ ಕಾಲದ ಮೀನುಗಾರಿಕೆ ಸರಳ. ಎಂಟನೇ ಒಂದು ಅಥವಾ ಕಾಲು ಔನ್ಸ್ ತೂಕದ ಜಿಗ್ (ತಲೆಯಲ್ಲಿ ತೂಕ ಕಟ್ಟಿದ ಗಾಳ), ಅದಕ್ಕೆ ಸಿಕ್ಕಿಸಿದ ಜೀವಂತ ಶೈನರ್ ಮರಿಮೀನು. ಗಾಳಿ ಬಂದು ಬಡಿಯುವ ದಡದ ಹತ್ತಿರ, ನೆಲ ಆಳಕ್ಕೆ ಇಳಿಯಲು ಶುರುವಾಗುವ ಅಂಚಿನಲ್ಲಿ, 6ರಿಂದ 12 ಅಡಿ ನೀರಿನಲ್ಲಿ ಎಳೆಯುತ್ತಾ ಹೋಗಿ. ಅವಸರ ಬೇಡ. ವಾಲ್‌ಐ ಸಿಗದಿದ್ದರೆ ಪರ್ಚ್ ಸಿಗುತ್ತದೆ, ರುಚಿಯಲ್ಲಿ ಅದೇನೂ ಕಡಿಮೆಯಲ್ಲ. ಮರಿಮೀನನ್ನು ಅಲ್ಲಿನ ಬೇಟ್ ಅಂಗಡಿಯಲ್ಲೇ ಕೊಳ್ಳಿ. ಬೇರೆ ರಾಜ್ಯದಿಂದ ತರುವಂತಿಲ್ಲ. ಅಂಗಡಿಯವರು ಈ ವಾರ ಮೀನು ಎಷ್ಟು ಆಳದಲ್ಲಿದೆ ಎನ್ನುವುದನ್ನೂ ಹೇಳುತ್ತಾರೆ.

ಪ್ರತಿ ಸರೋವರಕ್ಕೂ ಅದರದೇ ನಿಯಮ ಇರುತ್ತದೆ. ಕೆಲವು ಕಡೆ ನಡು ಅಳತೆಯ ವಾಲ್‌ಐಯನ್ನು ತಕ್ಷಣ ನೀರಿಗೆ ಬಿಡಬೇಕು, ಏಕೆಂದರೆ ಮೊಟ್ಟೆ ಇಡುವ ಹೆಣ್ಣುಗಳು ಅವೇ. ದೋಣಿ ಇಳಿಸುವ ಜಾಗದಲ್ಲಿ ಬೋರ್ಡ್ ಹಾಕಿರುತ್ತಾರೆ. ಅಳತೆಪಟ್ಟಿ ದೋಣಿಯಲ್ಲೇ ಇರಲಿ.

ಲೈಫ್ ಜಾಕೆಟ್ ಪಕ್ಕದಲ್ಲಿಟ್ಟುಕೊಂಡರೆ ಸಾಲದು, ಹಾಕಿಕೊಂಡೇ ಕೂರಬೇಕು. ಈ ನೀರಿಗೆ ಬಿದ್ದರೆ ಚಳಿಯ ಆಘಾತಕ್ಕೆ ಉಸಿರು ಹಿಡಿದುಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕೈ ಮರಗಟ್ಟುತ್ತದೆ. ಈಜು ಬರುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಅಕ್ಟೋಬರ್‌ನಲ್ಲಿ ನಿಮ್ಮನ್ನು ನೋಡಿ ಸಹಾಯಕ್ಕೆ ಬರಲು ಬೇರೆ ದೋಣಿಯೂ ಇರುವುದಿಲ್ಲ.

ದೋಣಿ ಮೇಲೆತ್ತಿದಾಗ ಡ್ರೈನ್ ಪ್ಲಗ್ ತೆಗೆದು ನೀರೆಲ್ಲ ಹರಿಸಿ, ಪ್ಲಗ್ ತೆಗೆದೇ ಸಾಗಿಸಿ, ಅಂಟಿದ ಕಳೆ ಕೀಳಿ. ಉಳಿದ ಮರಿಮೀನನ್ನು ಇಟ್ಟುಕೊಳ್ಳುವುದಾದರೆ ಸರೋವರದ ನೀರು ಚೆಲ್ಲಿ ನಲ್ಲಿ ನೀರೋ ಬಾಟಲಿ ನೀರೋ ತುಂಬಿ. ಜೀಬ್ರಾ ಮಸೆಲ್ ಎನ್ನುವ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ಹೀಗೇ ಹರಡುತ್ತದೆ. ಒಮ್ಮೆ ಬಂದರೆ ಹೋಗುವುದಿಲ್ಲ.

ಅಡುಗೆ ಮತ್ತು ಮನೆಗೆ ಸಾಗಿಸುವುದು

ಗ್ರೌಸ್ ಎದೆಮಾಂಸ ಬೆಳ್ಳಗೆ, ಕೊಬ್ಬಿಲ್ಲದ್ದು. ಕೋಳಿಯಂತೆ ಜಾಸ್ತಿ ಹೊತ್ತು ಬೇಯಿಸಿದರೆ ಒಣಗುತ್ತದೆ. ಕರಿಮೆಣಸು, ಬೆಳ್ಳುಳ್ಳಿ, ಸ್ವಲ್ಪ ಕಾಚಂಪುಳಿ ಹಾಕಿ ಬೇಗ ಹುರಿದು ಇಳಿಸಿ. ಕಾಲುಗಳನ್ನು ಬೇರೆ ಇಟ್ಟು ಸಾರಿಗೆ ಹಾಕಿ. ವುಡ್‌ಕಾಕ್ ಮಾಂಸ ಕಪ್ಪು, ಅದನ್ನು ಈರುಳ್ಳಿಯಲ್ಲಿ ಬಾಡಿಸಿದರೆ ಚೆನ್ನ. ವಾಲ್‌ಐಗೆ ನಮ್ಮ ಕರಾವಳಿಯ ರವಾ ಫ್ರೈ ಹೇಳಿಮಾಡಿಸಿದ ಜೋಡಿ. ಮಸಾಲೆ ಡಬ್ಬ, ಚಿರೋಟಿ ರವೆ, ಕರಿಬೇವು ಮನೆಯಿಂದಲೇ ಒಯ್ಯಿರಿ, ಡೀರ್ ರಿವರ್ ಅಂಗಡಿಯಲ್ಲಿ ಹುಡುಕಬೇಡಿ. ಹಕ್ಕಿಯ ಹೊಟ್ಟೆಯನ್ನು ಕಾಡಿನಲ್ಲೇ ಬಿಡಿಸಿ ತಣ್ಣಗಾಗಲು ಬಿಡಿ. ತಿನ್ನುವಾಗ ಚರೆ ಹಲ್ಲಿಗೆ ಸಿಗದಂತೆ ಮಾಂಸವನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳಿ. ಮಕ್ಕಳಿಗೆ ಬಡಿಸುವಾಗ ಇನ್ನೊಮ್ಮೆ ನೋಡಿ.

ಸಾಗಿಸುವಾಗ ವುಡ್‌ಕಾಕ್‌ನ ತಲೆ ಅಥವಾ ಗರಿ ಸಮೇತ ಒಂದು ರೆಕ್ಕೆ ಮನೆ ತಲುಪುವವರೆಗೂ ಅಂಟಿಕೊಂಡಿರಬೇಕು. ಗ್ರೌಸ್‌ಗೂ ಹಾಗೇ ಮಾಡಿದರೆ ದಾರಿಯಲ್ಲಿ ಅಧಿಕಾರಿ ನಿಲ್ಲಿಸಿದಾಗ ತಕರಾರು ಇರುವುದಿಲ್ಲ. ಮೀನನ್ನು ಫಿಲೆ ಮಾಡಿದರೆ (ಮುಳ್ಳು ತೆಗೆದು ತುಂಡು ಮಾಡಿದರೆ) ಪ್ರತಿ ತುಂಡಿನ ಮೇಲೂ ಒಂದು ಚದರ ಇಂಚು ಚರ್ಮ ಹುರುಪೆ ಸಮೇತ ಉಳಿಸಿ, ಎಣಿಸಲು ಬರುವಂತೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ. ಎಲ್ಲವನ್ನೂ ಒಂದೇ ಗಡ್ಡೆ ಮಾಡಬೇಡಿ. ಪ್ಯಾಕೆಟ್ ಮೇಲೆ ಯಾವ ಮೀನು, ಎಷ್ಟು, ಯಾರು ಹಿಡಿದದ್ದು, ಯಾವ ದಿನ ಎಂದು ಬರೆಯಿರಿ. ಮನೆಯ ಫ್ರೀಜರಿನಲ್ಲಿ ಬೇಸಿಗೆಯಿಂದ ಉಳಿದ ವಾಲ್‌ಐ ಇದ್ದರೆ ಅದೂ ನಿಮ್ಮ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಉತ್ತರಕ್ಕೆ ಹೊರಡುವ ಮುಂಚಿನ ವಾರ ಅದನ್ನು ಸಾರು ಮಾಡಿ ಮುಗಿಸಿ.